ಬಾಯಿ ಸಿಹಿ ಮಾಡಿದ ಕೈ

ಯಾರಿಗಾದರೂ ಒಳ್ಳೆಯದಾಯಿತೆಂದು ಕೇಳಿದರೆ ಈಗ ನನ್ನ ಎದೆ ಡವಗುಟ್ಟುತ್ತದೆ. ಹೊಟ್ಟೆಕಿಚ್ಚಿನಿಂದ ಎಂದು ನನ್ನ ಹೆಂಡತಿ ತಿಳಿದಿದ್ದಾಳೆ, ತಿಳಿಯಲಿ. ಸಂತೋಷದ ಸುದ್ದಿಯ ಬೆನ್ನಿಗೆ ಸಿಹಿ ಬರುತ್ತದೆ, ಸಿಹಿಯ ಬೆನ್ನಿಗೆ ಅದನ್ನು ಬಾಯಿಗೆ ತುರುಕುವ ಕೈ ಬರುತ್ತದೆ. ನನ್ನ ಹೆದರಿಕೆ ಆ ಕೈಯದು. ನಮ್ಮ ಶಹಾಪುರದ ಕಡೆ ಬಾಯಿ ಸಿಹಿ ಮಾಡುವುದೆಂದರೆ ಪೊಟ್ಟಣ ಬಿಚ್ಚಿ ಮುಂದೆ ಹಿಡಿಯುವುದಲ್ಲ. ಹಾಗೆ ಹಿಡಿದರೆ ಮನಸ್ಸಿಲ್ಲದೆ ಕೊಟ್ಟಂತೆ. ಎದುರಿನವರು "ಬ್ಯಾಡ್ರೀ, ನನಗ ಶುಗರ್ ಅದ" ಎನ್ನಲು ಬಾಯಿ ತೆರೆಯುತ್ತಾರಲ್ಲ, ಅದೇ ಸಂದಿನಲ್ಲಿ ಇಡಿಯ ಲಾಡನ್ನು ಒಳಗೆ ನೂಕಬೇಕು. ಹೋದದ್ದನ್ನು ಹೊರಗೆ ತೆಗೆಯುವಂತಿಲ್ಲ. ತೆಗೆದರೆ ಬಂದ ಒಳ್ಳೆಯದನ್ನೇ ಉಗುಳಿದಂತೆ.

ಕಾಲುವೆ ಬಂದ ಮೇಲೆ ನಮ್ಮ ಕಡೆಗೆ ಭತ್ತ ಬಂತು, ಸೊಳ್ಳೆ ಬಂದವು, ಅವುಗಳ ಹಿಂದೆ ಚೈನೀಸ್ ಬಂತು. ಯಾದಗಿರಿ ಸ್ಟೇಷನ್ನಿನ ಹತ್ತಿರ ಒಂದು ಗಾಡಿ, ಸುರಪುರ ದಾಟಿ ರಂಗಂಪೇಟೆಗೆ ಹೋದರೆ ಇನ್ನೊಂದು, ನಮ್ಮಲ್ಲಿ ಶರಣಪ್ಪನ ಮಿಠಾಯಿ ಅಂಗಡಿ. ಬೆಳಿಗ್ಗೆಯಿಂದ ಲಾಡು, ಪೇಡೆ, ಜಿಲೇಬಿ ಮಾರುವ ಶರಣಪ್ಪ ಸಂಜೆ ಐದಾಯಿತೆಂದರೆ ಅಂಗಡಿಯ ಬಗಲಿಗೆ ಒಲೆ ಹಚ್ಚಿ ಚೀನಾದವನಾಗುತ್ತಾನೆ. ಬೋರ್ಡಿನ ಮೇಲೆ ಡ್ರ್ಯಾಗನ್ ಬರೆಯಲು ಹೇಳಿದ್ದನಂತೆ. ಪೇಂಟರ್ ಅದನ್ನು ಎಲ್ಲಿಯೂ ಕಂಡಿರಲಿಲ್ಲವಾದ್ದರಿಂದ ನಾಗರಹಾವಿಗೆ ನಾಲ್ಕು ಕಾಲು ಹಚ್ಚಿ ಕೈತೊಳೆದುಕೊಂಡ. ಅಲ್ಲಿಯ ಗೋಬಿ ಮಂಚೂರಿಯ ಕೆಂಪು ಬೆರಳಿಗೆ ಹತ್ತಿದರೆ ಮರುದಿನ ಸೀಮೆಸುಣ್ಣಕ್ಕೂ ಹತ್ತುತ್ತದೆ. ವಿಜ್ಞಾನ ಮಾಸ್ತರನಾದ ನಾನು ಆ ಬಣ್ಣದ ಕೆಡುಕನ್ನು ಒಂಬತ್ತನೆಯ ತರಗತಿಗೆ ವಿವರಿಸಿ, ಶಾಲೆ ಬಿಟ್ಟೊಡನೆ ನೇರ ಅಲ್ಲಿಗೇ ಹೋಗುತ್ತಿದ್ದೆ. ಜೊತೆಗೆ ಗಣಿತದ ಭೀಮರಾಯ ಮಾಸ್ತರರು ಇರುತ್ತಿದ್ದರು.

ಭೀಮರಾಯರಿಗೆ ದೋರನಹಳ್ಳಿಯ ಹತ್ತಿರ ಮೂರು ಎಕರೆ ಹೊಲವಿದೆ, ಕಾಲುವೆಯ ಕಟ್ಟಕಡೆಯ ತುದಿಯಲ್ಲಿ. ಮೇಲಿನವರೆಲ್ಲ ಕುಡಿದು, ಮಿಂದು, ಚೆಲ್ಲಿದ ಮೇಲೆ ಉಳಿದದ್ದು ಇವರಿಗೆ, ಸಾಮಾನ್ಯವಾಗಿ ಉಳಿಯುತ್ತಿರಲಿಲ್ಲ. ಆ ಸಂಜೆ ನಾವು ಒಂದೊಂದು ಪ್ಲೇಟು ಗೋಬಿ ಹಿಡಿದು ನಿಂತಿದ್ದೆವು. ದಂಟಿನ ಸಮೇತ ಕರಿದ ದೊಡ್ಡದೊಂದು ತುಂಡನ್ನು ಅವರು ಬಾಯಿಗೆ ಹಾಕಿಕೊಳ್ಳುವುದಕ್ಕೂ ಅವರ ಫೋನು ಹೊಡೆದುಕೊಳ್ಳುವುದಕ್ಕೂ ಸರಿಯಾಯಿತು. ಅವರ ಹೆಂಡತಿಗೆ ಫೋನಿನ ಅಗತ್ಯವೇ ಇಲ್ಲದಂಥ ಕಂಠ. "ನೀರು ಬಂತ್ರೀ! ನಮ್ಮ ಹೊಲಕ್ಕ ನೀರು ಬಂತು! ಬದು ದಾಟಿ ಒಳಗ ಹೊಂಟದ!"

ಭೀಮರಾಯರು ಬಾಯಿ ತುಂಬ ಗೋಬಿ ಇಟ್ಟುಕೊಂಡೇ ನಕ್ಕರು. ಕಣ್ಣಲ್ಲಿ ನೀರೂ ಬಂತು. ನನಗೆ ಎಲ್ಲಿಂದಲೋ ಸಂತೋಷ ಉಕ್ಕಿತು. ಕೌಂಟರಿನ ತಟ್ಟೆಯಿಂದ ಬೂಂದಿ ಲಾಡು ಎತ್ತಿ, "ಬಾಯಿ ಸಿಹಿ ಮಾಡ್ರಿ ಸರ" ಎಂದು ಇಡಿಯದನ್ನೇ ನೂಕಿದೆ. ಅವರು ಕೈ ಅಡ್ಡ ಹಿಡಿದರು. ಅದನ್ನು ಸಂಕೋಚವೆಂದು ತಿಳಿದು ಇನ್ನಷ್ಟು ಒತ್ತಿದೆ. ಈಗ ದಿನಕ್ಕೆ ಹತ್ತು ಸಲ ನನ್ನ ಕಣ್ಣ ಮುಂದೆ ಬರುವುದು ಆ ಅಡ್ಡ ಹಿಡಿದ ಕೈ.

ಕೆಮ್ಮಿದ್ದರೆ ಭಯವಿರಲಿಲ್ಲ. ಅವರು ಕೆಮ್ಮಲಿಲ್ಲ. ಸದ್ದೇ ಇಲ್ಲ. ಫೋನನ್ನು ಕೌಂಟರಿನ ಮೇಲಿಟ್ಟು ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು ನನ್ನನ್ನೇ ನೋಡಿದರು. ಶ್ವಾಸನಾಳದ ಬಾಯಿಗೆ ಒಂದು ಮುಚ್ಚಳವಿದೆ, ನಾವು ನುಂಗುವಾಗ ಅದು ಮುಚ್ಚಿಕೊಳ್ಳುತ್ತದೆ, ನಕ್ಕರೆ ತೆರೆದುಕೊಳ್ಳುತ್ತದೆ: ಇದನ್ನು ನಾನು ಪ್ರತಿವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ. ತುಂಡು ಸಿಕ್ಕಿಕೊಂಡರೆ ಏನು ಮಾಡಬೇಕೆಂಬುದೂ ನನ್ನ ಪಾಠದಲ್ಲಿದೆ. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಚಿತ್ರ ಮಾತ್ರ ಇತ್ತು, ಕೈಗಳು ಇರಲಿಲ್ಲ. ಹಿಡಿದಿದ್ದ ಪ್ಲೇಟನ್ನೂ ಬಿಟ್ಟಿರಲಿಲ್ಲ.

"ಮ್ಯಾಲ ನೋಡ್ರಿ ಸರ, ಮ್ಯಾಲ ನೋಡ್ರಿ!" ಎಂದ ಶರಣಪ್ಪ. ಭೀಮರಾಯರು ಪಾಪ, ಮೇಲೆ ನೋಡಿದರು. ಫ್ಯಾನು ತಿರುಗುತ್ತಿತ್ತು. ಯಾರೋ ನೀರು ಕುಡಿಸಲು ಹೋದರು, ಅದು ಗಲ್ಲದಿಂದಿಳಿದು ಅಂಗಿಗೆ ಹೋಯಿತು. ಆಗ ಬೆಂಚಿನ ಮೇಲಿದ್ದ ಹಿರಿಯರೊಬ್ಬರು ನಿಶ್ಚಿಂತೆಯಿಂದ, "ಏನಿಲ್ಲ, ನೆತ್ತಿಗಿ ಹತ್ತ್ಯದ, ಯಾರೋ ನೆನಸಾಕತ್ತಾರ. ಹೆಸರು ಹೇಳ್ರಿ, ಬರೋಬರಿ ಹೆಸರು ಬಂದ್ರ ನಿಂದರತದ" ಎಂದರು.

"ಮನಿಯವ್ರು ನೆನಸ್ಯಾರ" ಎಂದಿತು ಒಂದು ದನಿ.

"ಅವ್ರು ಫೋನಿನ್ಯಾಗ ಅದಾರಲ್ಲೋ!"

ನಿಜ, ಫೋನಿನಿಂದ ಆಕೆಯ ಮಾತು ಬರುತ್ತಲೇ ಇತ್ತು. "ಹಲೋ, ಕೇಳಸಾಕತ್ತದೇನ್ರಿ? ಸಲಿಕಿ ಎಲ್ಲಿಟ್ಟೀರಿ?"

"ಹಂಗಾರ ಅತ್ತಿ ಮನಿಯವ್ರು."

"ಮಗಳು ಇರಬೇಕು ನೋಡ್ರಿ."

ಭೀಮರಾಯರ ತುಟಿ ನೀಲಿಗೆ ತಿರುಗುತ್ತಿತ್ತು. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಬಿ.ಎಸ್ಸಿ., ಬಿ.ಎಡ್. ಓದಿದ, ಮೂಢನಂಬಿಕೆಯ ಮೇಲೆ ಭಾಷಣ ಮಾಡಿ ಸ್ಟೀಲಿನ ತಟ್ಟೆ ಗೆದ್ದ ನಾನು ಬಾಯಿ ತೆರೆದು, "ನಮ್ಮ ಹೆಡ್‌ಮಾಸ್ತರ ಇರಬಹುದು" ಎಂದೆ.

ಒಲೆಯ ಹಿಂದೆ ಕೂತು ಗೋಬಿ ಹೆಚ್ಚುತ್ತಿದ್ದ ಅಂಗಡಿಯ ಕೆಲಸದಾಕೆ ಬಸಮ್ಮ ಅಷ್ಟರಲ್ಲಿ ತಲೆ ಎತ್ತಿ ನೋಡಿದಳು. ನೋಡಿದವಳೇ ಚಾಕು ಒಗೆದು ಎದ್ದು ಬಂದಳು. "ಏ, ಸರೀರಿ ಅತ್ತಾಗ! ಅವ್ರಿಗಿ ಉಸರಿಲ್ಲ, ನೀವು ಹೆಸರು ಹೇಳ್ಕೋತ ನಿಂತೀರಿ?" ಭೀಮರಾಯರನ್ನು ಸೊಂಟದಲ್ಲಿ ಬಗ್ಗಿಸಿ ಎರಡು ಹೆಗಲಿನ ನಡುವೆ ಅಂಗೈ ಬುಡದಿಂದ ಬಾರಿಸಿದಳು. ಒಂದು. ಎರಡು. ಮೂರನೆಯದಕ್ಕೆ ಒಂದಿಷ್ಟು ಬೂಂದಿ ಉದುರಿತು. ನಾಲ್ಕು, ಐದು. ಏನೂ ಇಲ್ಲ. ಅವರ ಮೊಣಕಾಲು ಮಡಚಿಕೊಳ್ಳತೊಡಗಿತು. ಅಂಗಡಿಯಲ್ಲಿ ಈಗ ಯಾರೂ ಹೆಸರು ಹೇಳುತ್ತಿರಲಿಲ್ಲ. ಒಲೆಯ ಮೇಲೆ ಎಣ್ಣೆ ಚಟಪಟ ಎನ್ನುತ್ತಿತ್ತು, ಫೋನಿನಲ್ಲಿ ಆಕೆ ಸಲಿಕೆ ಕೇಳುತ್ತಿದ್ದಳು.

ಬಸಮ್ಮ ಅವರ ಬೆನ್ನ ಹಿಂದೆ ನಿಂತು, ಎದೆಗೂಡಿನ ಕೆಳಗೆ ಎರಡೂ ಕೈ ಕಟ್ಟಿ, ನೆಲದೊಳಗಿನ ಹಗೇವಿನಿಂದ ಜೋಳದ ಚೀಲ ಎಳೆಯುವವಳಂತೆ ಒಳಕ್ಕೆ, ಮೇಲಕ್ಕೆ ಜಗ್ಗಿದಳು. ಒಮ್ಮೆ. ಮತ್ತೊಮ್ಮೆ. ಮೂರನೆಯ ಸಲ ಗೋಬಿಯ ದಂಟು ಹಾರಿ ಬಂದು ನನ್ನ ಅಂಗಿಯ ಜೇಬಿಗೆ ಬಡಿಯಿತು. ಆಮೇಲೆ ಕೇಳಿದ ಸದ್ದು, ಕೆಟ್ಟ ಪಂಪು ಗಾಳಿ ಎಳೆದಂಥದ್ದು. ಅಷ್ಟು ಇಂಪಾದ ಸದ್ದನ್ನು ನಾನು ಆಕಾಶವಾಣಿಯಲ್ಲೂ ಕೇಳಿಲ್ಲ. ಭೀಮರಾಯರು ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ಬರೀ ಉಸಿರಾಡಿದರು. ನಂತರ ಕೈ ಚಾಚಿ ಫೋನು ಇಸಿದುಕೊಂಡು, ಒಡಕು ದನಿಯಲ್ಲಿ, "ಬಾಗಲ ಹಿಂದ ಅದ. ನಾ ಬಂದೆ" ಎಂದರು. ಇದೆಲ್ಲ ಒಂದೆರಡು ನಿಮಿಷದ ಮಾತು. ನನ್ನ ಲೆಕ್ಕದಲ್ಲಿ ಒಂದು ಪೂರ್ತಿ ಪಿರಿಯಡ್, ಗಂಟೆ ಹೊಡೆಯಲು ಮರೆತದ್ದು.

ಬಸಮ್ಮನ ಸಣ್ಣ ಮಗಳಿಗೆ ಹಿಂದೊಮ್ಮೆ ಹುಣಸೆಬೀಜ ಸಿಕ್ಕಿಕೊಂಡಿತ್ತಂತೆ. ಆಗ ದವಾಖಾನೆಯ ಸಿಸ್ಟರ್, ದೊಡ್ಡವರಿಗೆ ಹೀಗೆ, ಕೂಸಿಗೆ ಹೀಗೆ ಎಂದು ಕೈ ಹಿಡಿದು ಕಲಿಸಿದ್ದರಂತೆ. ಒಂದೇ ಸಲ ಕೇಳಿ ಕಲಿತವಳು ಅವಳು. ವರ್ಷವರ್ಷ ಹೇಳಿ ಮರೆತವನು ನಾನು. ಭೀಮರಾಯರು ನನ್ನ ಮೇಲೆ ಸಿಟ್ಟಾಗಲಿಲ್ಲ. "ಸರ ಜೋಡಿ ಇದ್ರು ಅಂತ ಉಳದೆ" ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತ ಹೋದರು. ಯಾವ ಬೈಗುಳವೂ ಇಷ್ಟು ಚುಚ್ಚುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಾನು ಮನೆಯವರ ಗಂಟಲನ್ನೇ ನೋಡುತ್ತೇನೆ. "ಹಂಗ ನುಂಗೋರಂಗ ನೋಡಬ್ಯಾಡ್ರಿ, ನನಗ ತುತ್ತು ಇಳಿವಲ್ದು" ಎಂದು ಹೆಂಡತಿ ಗಂಗಾಳ ಹಿಡಿದು ಅಡುಗೆಮನೆಗೆ ಎದ್ದು ಹೋಗುತ್ತಾಳೆ.

ಅದಾದ ಮೂರನೆಯ ದಿನ ನಾನೂ ಭೀಮರಾಯರೂ ಬಸಮ್ಮನನ್ನು ಕಾಣಲು ಅಂಗಡಿಗೆ ಹೋದೆವು. ಅವಳಿಗೆ ಒಂದು ಸೀರೆ, ಜೊತೆಗೆ ಒಂದು ಡಬ್ಬಿ ಪೇಡೆ. ಭೀಮರಾಯರು ಸೀರೆ ಕೊಟ್ಟು ಕೈಮುಗಿದರು; ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಇನ್ನು ನನ್ನ ಸರದಿ. ಮನಸ್ಸು ತುಂಬಿ ಬಂದಿತ್ತು. ನನಗೇ ತಿಳಿಯದೆ ಡಬ್ಬಿಯಿಂದ ಒಂದು ಪೇಡೆ ಎತ್ತಿ, "ಬಾಯಿ ತೆಗಿಯವ್ವಾ ಬಸಮ್ಮ" ಎಂದು ಕೈ ಮುಂದೆ ಮಾಡಿದೆ.

ಬಸಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗೋಡೆಯವರೆಗೆ ಹಿಂದಕ್ಕೆ ಸರಿದಳು.

"ಅಲ್ಲೇ ಇಡ್ರಿ ಸರ. ನನಗೇನರೆ ಆದ್ರ ಬೆನ್ನಿಗಿ ಬಡಿಯಾಕ ಯಾರದಾರ? ನೀವು ಹೆಡ್‌ಮಾಸ್ತರ ಹೆಸರು ಹೇಳ್ಕೋತ ನಿಂದರತೀರಿ."

ಶರಣಪ್ಪ ನಕ್ಕ, ಬೆಂಚಿನವರು ನಕ್ಕರು, ಭೀಮರಾಯರು ಎದೆ ಹಿಡಿದುಕೊಂಡು ಜೋಪಾನವಾಗಿ ನಕ್ಕರು. ನಾನು ಪೇಡೆಯನ್ನು ತಟ್ಟೆಯಲ್ಲಿಟ್ಟು ಎರಡು ಹೆಜ್ಜೆ ದೂರ ನಿಂತೆ. ಅವಳು ಚೂರುಚೂರೇ ಮುರಿದು, ನನ್ನ ಕೈಗಳ ಮೇಲೆ ಕಣ್ಣಿಟ್ಟೇ ತಿಂದಳು. ಕೊನೆಯ ಚೂರು ಗಂಟಲು ದಾಟುವವರೆಗೆ ನಾನು ಉಸಿರು ಬಿಡಲಿಲ್ಲ.