ಒಂದು ತಕರಾರಿಲ್ಲದ ಮೋಜಣಿ

ಹೊಲ-ಮನೆ ಅಳೆಯುವವನ ಮಾನ ಹೋಗುವುದಕ್ಕೆ ಮುಹೂರ್ತ ಬೇಕಾಗಿಲ್ಲ. ನನ್ನದಂತೂ ನೌಕರಿ ಹಿಡಿದ ಹೊಸತರಲ್ಲಿ ವಾರದ ಸಂತೆಯ ಹಾಗೆ ತಪ್ಪದೆ ಹೋಗುತ್ತಿತ್ತು.

ಎರಡನೆಯ ಮಹಾಯುದ್ಧದ ಕಾಲ. ಪುಣೆಯಲ್ಲಿ ಡಿಗ್ರಿ ಮುಗಿಸಿ ವಿಜಾಪುರಕ್ಕೆ ಬಂದಿದ್ದೆ. ನಮ್ಮ ಓಣಿಗೆ ನಾನೇ ಮೊದಲ ಪದವೀಧರ. ಗೋಳಗುಮ್ಮಟದ ಹತ್ತಿರ ಒಬ್ಬ ಹಿರಿಯರು ಸರಕಾರಿ ಮೋಜಣಿ ಖಾತೆಯಿಂದ ನಿವೃತ್ತರಾಗಿ ಸ್ವಂತ ಕಚೇರಿ ಇಟ್ಟಿದ್ದರು. ಹೊಲ ಅಳೆಯುವುದು, ಮನೆಗೆ ಬೆಲೆ ಕಟ್ಟುವುದು, ಪಾಲಿನ ಜಗಳಕ್ಕೆ ಸಲಹೆ ಕೊಡುವುದು ಅವರ ಕಸುಬು. ಆ ಯಜಮಾನರು ನನ್ನನ್ನು ಸೇರಿಸಿಕೊಂಡು ಒಂದೇ ಕರಾರು ಹಾಕಿದರು.

“ನಿನ್ನ ಡಿಗ್ರಿ ಗ್ವಾಡಿಗೆ ತೂಗುಹಾಕು. ಒಂದರ ಮೋಜಣಿ ತಕರಾರು ಇಲ್ಲದಂಗ ಮುಗಿಸಿಕೊಂಡು ಬಾ. ಅವತ್ತ ಖಾಯಂ ಮಾಡ್ತೀನಿ.”

ಖಾಯಂ ಆಗುವುದರ ಮೇಲೆ ಇನ್ನೊಂದು ಕೆಲಸವೂ ನಿಂತಿತ್ತು. ಸಾರವಾಡದಲ್ಲಿ ಹುಡುಗಿಯನ್ನು ನೋಡಿ ಬಂದಿದ್ದೆವು. ಹುಡುಗಿ ನನಗೆ ಬಹಳ ಮನಸ್ಸಿಗೆ ಬಂದಿದ್ದಳು. ಅವಳ ತಂದೆ ಮಾತ್ರ, “ಹುಡುಗ ಚಲೋ ಅದಾನ. ನೌಕರಿ ಖಾಯಂ ಆಗ್ಲಿ, ಮುಂದ ಮಾತಾಡೋಣು” ಅಂದು ಎಲೆ-ಅಡಿಕೆ ಕೊಟ್ಟು ಕಳಿಸಿದ್ದರು.

ತಿಕೋಟಾದ ಕುಂಟರು

ಮೊದಲ ಕೆಲಸ ತಿಕೋಟಾದಲ್ಲಿ ಒಬ್ಬರ ಹೊಲದ ಅಳತೆ. ಪುಣೆಯಲ್ಲಿ ಕೊಂಡ ಹ್ಯಾಟು, ಖಾಕಿ ಚಡ್ಡಿ, ಮೊಣಕಾಲಿನ ತನಕ ಕಾಲುಚೀಲ ಹಾಕಿಕೊಂಡು ಹೋದೆ. ಮನೆಯ ಕನ್ನಡಿಯಲ್ಲಿ ಥೇಟು ಸಾಹೇಬನ ಹಾಗೆ ಕಂಡಿದ್ದೆ. ದುರ್ದೈವಕ್ಕೆ ತಿಕೋಟಾದವರಿಗೂ ಹಾಗೆಯೇ ಕಂಡೆ.

ಆಗ ದಂಡಿಗೆ ಜನ ಭರ್ತಿ ಮಾಡಿಕೊಳ್ಳುವವರು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ನಾನು ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಕಟ್ಟೆಯ ಮೇಲಿದ್ದ ಹರೆಯದವರೆಲ್ಲ ಎದ್ದು ಹೊರಟರು. ಒಬ್ಬೊಬ್ಬರೂ ಕುಂಟುತ್ತಿದ್ದರು. ‘ಪಾಪ, ಈ ಊರಿನ ನೀರೇ ಸರಿ ಇಲ್ಲವೇನೋ’ ಅಂದುಕೊಂಡೆ. ನಾನು ಕಲಿತು ಬಂದದ್ದು ಅಷ್ಟೇ.

ಹೊಲದ ಒಡೆಯನ ಮನೆ ಬಾಗಿಲಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ನಿಂತಿದ್ದ. “ಈ ಮನಿಯವ್ರು ಅದಾರೇನ್ರಿ?” ಅಂದೆ.

“ಇಲ್ರಿ. ಅಂವಾ ಊರು ಬಿಟ್ಟು ಭಾಳ ದಿವಸಾತು. ಇದ್ರೂ ಉಪಯೋಗಿಲ್ರಿ, ಅವನ ಕಾಲು ನೆಟ್ಟಗಿಲ್ಲ.”

ನಾನು ಅಷ್ಟೇ ನಂಬಿಕೆಯಿಂದ ಮರಳಿ ಬಂದು ಯಜಮಾನರಿಗೆ ಹಾಗೆಯೇ ವರದಿ ಒಪ್ಪಿಸಿದೆ.

ಕೆಲವು ದಿನಗಳಾದ ಮೇಲೆ ಒಬ್ಬ ದಡದಡನೆ ಕಚೇರಿಗೆ ನುಗ್ಗಿ, “ಹೊಲ ಅಳ್ಯಾಕ ಮಂದಿ ಕಳಸ್ತೀನಂದ್ರಿ, ಇನ್ನೂ ಒಂದು ನರಪಿಳ್ಳಿ ಬಂದಿಲ್ಲ” ಎಂದು ಜಗಳ ತೆಗೆದ. ಯಜಮಾನರು ನನ್ನನ್ನು ಕೂಗಿದರು. ನಾನು ಹ್ಯಾಟು ಹಾಕಿಕೊಂಡೇ ಒಳಗೆ ಬಂದೆ. ತಿಕೋಟಾದ ಬಾಗಿಲಲ್ಲಿ ಕಂಡಿದ್ದ ಆ ಗಟ್ಟಿಮುಟ್ಟಾದ ಮನುಷ್ಯ ನನ್ನ ಮುಖ ನೋಡಿದ್ದೇ ತಡ, ಮಾತು ಅರ್ಧಕ್ಕೆ ಬಿಟ್ಟು ಎದ್ದು, ಕುಂಟುತ್ತ ಬಾಗಿಲ ಕಡೆ ಹೊರಟ.

ಮಾಳಿಗೆಯ ಮೇಲಿಂದ

ಮುಂದೆ ವಿಜಾಪುರದೊಳಗೇ ಒಂದು ಮನೆಗೆ ಬೆಲೆ ಕಟ್ಟಬೇಕಾಯಿತು. ಕೋಣೆಗಳ ತುಂಬ ಚೀಲ, ತೊಟ್ಟಿಲು, ಹಾಸಿಗೆ. ಟೇಪು ಬಿಡಿಸಲು ಜಾಗವಿಲ್ಲ. ಬುದ್ಧಿವಂತಿಕೆ ಮಾಡಿ ಮಾಳಿಗೆ ಏರಿ ಮೇಲಿನಿಂದಲೇ ಅಳೆದೆ. ನಮ್ಮ ಕಡೆ ಮಣ್ಣಿನ ಮಾಳಿಗೆಗಳು, ಅಂದರೆ ಮನೆಗಳ ಸಪಾಟು ಛಾವಣಿಗಳು, ಒಂದಕ್ಕೊಂದು ಹತ್ತಿಕೊಂಡೇ ಇರುತ್ತವೆ, ನಡುವೆ ಗೇಣು ಗೋಡೆಯೂ ಇರುವುದಿಲ್ಲ. ಅದೇ ಊರಲ್ಲಿ ಹುಟ್ಟಿ, ಅದೇ ಮಾಳಿಗೆಗಳ ಮೇಲೆ ಗಾಳಿಪಟ ಹಾರಿಸಿದ ನನಗೆ ಆ ಹೊತ್ತು ಅದು ನೆನಪಾಗಲಿಲ್ಲ. ಅಳೆದಷ್ಟೂ ಮನೆ ಮುಗಿಯಲೊಲ್ಲದು. ನನಗೂ ಹುರುಪು. ಕೊನೆಗೆ ಸಿಕ್ಕ ಏಣಿಯಿಂದ ಕೆಳಗಿಳಿದೆ. ಅದು ಯಾರದೋ ಅಡುಗೆಮನೆ.

ಒಬ್ಬ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಳು. ಮೇಲಿನಿಂದ ಮೊದಲು ಬೂಟು ಬಂದವು, ಆಮೇಲೆ ಕಾಲುಚೀಲ, ಕೊನೆಗೆ ನಾನು. ಆಕೆ ಕೈ ನಿಲ್ಲಿಸದೆಯೇ ಕೇಳಿದಳು: “ಯಾರಪಾ ನೀ?”

“ಮನಿ ಅಳ್ಯಾಕ ಬಂದೀನ್ರಿ. ಮಾರೂದೈತಲ್ರಿ, ಅದಕ್ಕ.”

ಆಗ ಕೈ ನಿಂತಿತು. “ಮನಿ ಮಾರಾಕತ್ತಾನ? ನನಗ ಒಂದು ಮಾತೂ ಹೇಳದ?”

ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು. ನಾನು ಬಿಡಿಸಿ ಹೇಳಲು ಬಾಯಿ ತೆರೆದೆ. ಆಕೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಬಾಗಿಲಿನಿಂದ ಹೊರಬಿದ್ದು ನೋಡಿದರೆ ಓಣಿಯೇ ಬೇರೆ.

ಮಾರುವವನಿಗೆ ಮಾತ್ರ ನನ್ನ ಅಳತೆ ಬಹಳ ಹಿಡಿಸಿತು. “ನಮ್ಮ ಮನಿ ಇಷ್ಟು ದೊಡ್ಡದೈತಿ ಅಂತ ನಮ್ಮಪ್ಪ ಸಾಯೂ ಮುಂದನೂ ಹೇಳಲಿಲ್ಲ ನೋಡ್ರಿ” ಅಂದ.

ಸಂಜೆಗೆ ಆ ಹೆಣ್ಣುಮಗಳ ಗಂಡ, ಕಿರಾಣಿ ಅಂಗಡಿಯವ, ಕಚೇರಿಗೆ ಬಂದ. ಬೈದರೆ ಬೈಸಿಕೊಳ್ಳೋಣವೆಂದು ತಲೆ ತಗ್ಗಿಸಿ ನಿಂತೆ. ಅವನಿಗೆ ಬೈಯುವಷ್ಟು ತ್ರಾಣವೂ ಇರಲಿಲ್ಲ.

“ಸಾಹೇಬ್ರ, ನಾ ಮನಿ ಮಾರಾಕತ್ತಿಲ್ಲ ಅಂತ ನೀವ ಖುದ್ದ ಬಂದು ಆಕಿಗೆ ಹೇಳ್ರಿ. ಮಧ್ಯಾಹ್ನದಿಂದ ನನಗ ಊಟಿಲ್ಲ. ಈ ಸರತೆ ಬಾಗಲದಾಗಿಂದ ಬರ್ರಿ.”

ಗೂಟ

ಬಿಜ್ಜರಗಿಯಲ್ಲಿ ಮುಂಜಾನೆಯೆಲ್ಲ ಬಿಸಿಲಲ್ಲಿ ನಿಂತು, ಒಂದು ಹೊಲದ ಗಡಿಗುಂಟ ಗೂಟ ಬಡಿದು, ಊಟಕ್ಕೆ ಹೋಗಿ ಬಂದೆ. ಪ್ರತಿ ಗೂಟಕ್ಕೂ ಒಂದೊಂದು ಆಡು ಕಟ್ಟಿತ್ತು. ನೆರಳಲ್ಲಿ ಕೂತಿದ್ದ ಮುದುಕಿ ಕೈಮುಗಿದಳು. “ನೀ ಏನ ಬಡದಿದ್ದಿ ಯಪ್ಪಾ? ನಿನ್ನ ಹೊಟ್ಟಿ ತಣ್ಣಗಿರ್ಲಿ. ಎರಡು ಗೂಟ ಭಾಳ ಹತ್ರ ಇದ್ದು, ಆಡು ಗುದ್ದಾಡಾಕತ್ತಿದ್ದು. ಕಿತ್ತು ದೂರ ಬಡದೀನಿ.”

ಹಗೇವು

ಇಷ್ಟಾದ ಮೇಲೆ ಯಜಮಾನರು ನನ್ನನ್ನು ಕೂಡ್ರಿಸಿಕೊಂಡು ಸಮಾಧಾನವಾಗಿಯೇ ಹೇಳಿದರು: “ಬಬಲೇಶ್ವರದಾಗ ಅಣ್ಣ-ತಮ್ಮರು ಮನಿ ಪಾಲು ಮಾಡ್ಕೋತಾರ. ಇದೂ ಕೆಟ್ರ ನಿನ್ನ ದಾರಿ ನಿನಗ.” ಕೆಲಸ ಮರುದಿನ. ಅಂದೇ ಸಂಜೆ ಸಾರವಾಡದ ಹಿರಿಯರು, ಹುಡುಗಿಯ ತಂದೆ, ನನ್ನ ಬಗ್ಗೆ ವಿಚಾರಿಸಲು ಕಚೇರಿಗೆ ಬರುವವರಿದ್ದರು. ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಲಿಲ್ಲ. ಹ್ಯಾಟನ್ನು ಮನೆಯಲ್ಲೇ ಬಿಟ್ಟು ಹೋದೆ.

ಅಣ್ಣ-ತಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಣ್ಣ ಹೌದೆಂದದ್ದಕ್ಕೆ ತಮ್ಮ ಅಲ್ಲ ಅನ್ನುತ್ತಿದ್ದ. ಹಿತ್ತಲು ಅಳೆಯುವ ಮೊದಲು, “ಇಲ್ಲಿ ಹಗೇವು ಅದಾವೇನ್ರಿ?” ಎಂದು ಕೇಳಿದೆ. ನೆಲದೊಳಗೆ ಜೋಳ ತುಂಬಿಡುವ ಹಗೇವಿಗೂ ಪಾಲಿನಲ್ಲಿ ಬೆಲೆಯುಂಟು.

“ಇಲ್ರಿ” ಅಂದರು ಇಬ್ಬರೂ ಒಂದೇ ದನಿಯಲ್ಲಿ.

ಅವರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಅಲ್ಲೇ ನನಗೆ ಸಂಶಯ ಬರಬೇಕಿತ್ತು. ಸರಕಾರದವರು ಲೇವಿಯೆಂದು ಮನೆಮನೆಯ ಜೋಳ ಎತ್ತಿಕೊಂಡು ಹೋಗುತ್ತಿದ್ದ ಕಾಲ. ಖಾಕಿ ಚಡ್ಡಿಯವನ ಮುಂದೆ ಹಗೇವಿನ ಮಾತು ಯಾರು ಎತ್ತುತ್ತಾರೆ? ನಾನು ಸಂತೋಷದಿಂದ ‘ಇಲ್ಲ’ ಎಂದು ಬರೆದುಕೊಂಡೆ. ಟೇಪಿನ ಒಂದು ತುದಿ ಅಣ್ಣನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ಸರಿದೆ. ಶೇಂಗಾ ಹೊಟ್ಟಿನ ಗುಂಪಿಯ ಮೇಲೆ ಕಾಲಿಟ್ಟೆ. ಹೊಟ್ಟಿನ ಕೆಳಗೆ ಹಳೆಯ ಹಲಗೆ. ಹಲಗೆಯ ಕೆಳಗೆ, ಲಟಕ್ಕೆಂದ ಮೇಲೆ ಗೊತ್ತಾಯಿತು, ಹಗೇವು.

ಪುಣ್ಯಕ್ಕೆ ಅರ್ಧ ಜೋಳ ತುಂಬಿತ್ತು. ಎದೆಯ ತನಕ ಹೂತು ನಿಂತೆ. ಮೇಲೆ ದುಂಡಗೆ ಆಕಾಶ. ಎರಡು ರುಮಾಲು ಬಗ್ಗಿ ನೋಡಿದವು. ಈಗ ಕೈ ಕೊಡುತ್ತಾರೆಂದು ಎರಡೂ ಕೈ ಮೇಲೆತ್ತಿದೆ.

“ಇದು ನನ್ನ ಪಾಲಿನ್ಯಾಗ ಬರ್ತೈತಿ” ಅಂದ ಅಣ್ಣ. ಮುಚ್ಚಿಡುವುದು ಹೇಗೂ ಮುಗಿದಿತ್ತು.

“ಅದ್ಹೆಂಗ? ಸಾಹೇಬ್ರು ಬಿದ್ದದ್ದು ನನ್ನ ಕಡಿಂದ.”

“ಬಿದ್ದದ್ದು ನಿನ್ನ ಕಡಿಂದ ಇರಬಹುದು, ಮುಖ ನನ್ನ ಕಡಿ ಐತಿ.”

ಅವರ ತಾಯಿಯ ದನಿ ಕೇಳಿಸಿತು: “ಮೊದಲ ಆ ಹುಡುಗನ್ನ ತಗೀರೋ.”

“ತಡಿಬೇ, ಪಾಲಿನ ಗೆರಿ ಆಗ್ಲಿ” ಅಂದ ಅಣ್ಣ. “ಸಾಹೇಬ್ರ, ಟೇಪು ನಿಮ್ಮ ಕೈಯಾಗ ಐತಲ್ಲ? ಗೆರಿ ಎಲ್ಲಿ ಬರ್ತೈತಿ ಅಲ್ಲಿಂದ ನೋಡಿ ಹೇಳ್ರಿ. ಆಮ್ಯಾಲ ತಗೀತೀವಿ.”

ಪುಣೆಯಲ್ಲಿ ಯಾವ ಗುರುಗಳೂ ಹಗೇವಿನೊಳಗಿಂದ ಮೋಜಣಿ ಮಾಡುವುದನ್ನು ಕಲಿಸಿರಲಿಲ್ಲ. ನಾಚಿಕೆಯಿಂದ ಅಳುವುದೊಂದು ಬಾಕಿ. ಟೇಪಿನ ತುದಿ ಎತ್ತಿ ಹಿಡಿದೆ. ಅವರು ಆ ಕಡೆಯಿಂದ ಈ ಕಡೆಯಿಂದ ಎಳೆದು ನೋಡಿದರು. ಗೆರೆ ಸರಿಯಾಗಿ ನನ್ನ ನೆತ್ತಿಯ ಮೇಲೆ ಬಂತು. ಅರ್ಧ ಹಗೇವು ಅಣ್ಣನದು, ಅರ್ಧ ತಮ್ಮನದು. ಇಬ್ಬರೂ ಒಪ್ಪಿದರು. ಆಮೇಲೆ ಒಂದು ಕೈ ಅಣ್ಣ, ಒಂದು ಕೈ ತಮ್ಮ ಹಿಡಿದು ನನ್ನನ್ನೂ ಸಮಪಾಲಾಗಿ ಎಳೆದರು.

ಪಾಲಿನ ಕಾಗದ ಬರೆಸಲು ಇದ್ದಲಿ ಗ್ಯಾಸಿನ ಬಸ್ಸಿನಲ್ಲಿ ಮೂವರೂ ಕೂಡಿ ವಿಜಾಪುರಕ್ಕೆ ಬಂದೆವು. ಕಚೇರಿಯಲ್ಲಿ ಸಾರವಾಡದ ಹಿರಿಯರು ಆಗಲೇ ಬಂದು ಕೂತಿದ್ದರು. ನಾನು ಬೇಡವೆಂದರೂ ಅಣ್ಣ-ತಮ್ಮ ನಡೆದದ್ದೆಲ್ಲ ಒಬ್ಬರ ಬಾಯಿಂದೊಬ್ಬರು ಕಸಿದುಕೊಂಡು ಹೇಳಿದರು. ಕೊನೆಗೆ, “ನಮ್ಮದೇನೂ ತಕರಾರಿಲ್ರಿ” ಅಂದರು.

ಯಜಮಾನರು ನನ್ನ ಕಡೆ ತಿರುಗಿ, “ಕರಾರು ಅಂದ್ರ ಕರಾರು. ಖಾಯಂ” ಅಂದರು.

ಹಿರಿಯರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಯಜಮಾನರ ಕಾಲಿಗೆ ಬಗ್ಗಿದೆ. ಅಂಗಿಯ ಜೇಬಿನಿಂದ ಜೋಳ ಸರ್ರನೆ ಅವರ ಪಾದದ ಮೇಲೆ ಸುರಿಯಿತು.

“ಇವು ಅಣ್ಣನ ಪಾಲಿನವೋ, ತಮ್ಮನ ಪಾಲಿನವೋ?” ಅಂದರು ಯಜಮಾನರು.

ಸಾರವಾಡದ ಹಿರಿಯರು ಬಗ್ಗಿ, ಜೋಳವನ್ನು ಒಂದು ಕಾಳೂ ಬಿಡದೆ ಬಳಿದು ಧೋತರದ ಚುಂಗಿಗೆ ಕಟ್ಟಿಕೊಂಡರು. “ಯಾರ ಪಾಲಿನವಾದ್ರ ಏನ್ರಿ, ಇರ್ಲಿ ಬಿಡ್ರಿ. ಲಗ್ನದಾಗ ಒಗ್ಯೂ ಅಕ್ಕಿಕಾಳಿಗೆ ಆದುವು.”