ಭಾವನ ತಾಳದ ಪೆಟ್ಟಿಗೆ

ನನ್ನ ಭಾವ ಮನುಷ್ಯರನ್ನು ನಂಬುವುದಿಲ್ಲ. ಗೋಡೆ ಗಡಿಯಾರವನ್ನು ನಂಬುವುದಿಲ್ಲ. ಕ್ಯಾಮೆರಾಗಳನ್ನಂತೂ ಹುಟ್ಟಾ ಸೋಮಾರಿಗಳೆಂದೇ ತಿಳಿದಿದ್ದಾರೆ. ಅವರ ನಂಬಿಕೆಯೆಲ್ಲ ಒಂದು ಕಪ್ಪು ಪೆಟ್ಟಿಗೆಯ ಮೇಲೆ!

ಏನಪ್ಪಾ ಅಂಥ ಪೆಟ್ಟಿಗೆ ಅಂತೀರಾ? ಭಾವ ಕುಂದಾಪುರದಲ್ಲಿ ಕೇಬಲ್ ಟಿವಿಯ ಸಣ್ಣ ಸ್ಟುಡಿಯೋ ಇಟ್ಟುಕೊಂಡವರು. ಯಕ್ಷಗಾನದ ಆಟ, ಮದುವೆ, ಕ್ರಿಕೆಟ್ಟು, ಎಲ್ಲವೂ ನೇರಪ್ರಸಾರ. ಮೂರು ಕ್ಯಾಮೆರಾಗಳು ತಮ್ಮ ಪಾಡಿಗೆ ಚಿತ್ರ ಕಳಿಸಿದರೆ, ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಟಿವಿಯಲ್ಲಿ ಮದುಮಗನ ತಲೆ ಕೆಳಗೆ, ಕಾಲು ಮೇಲೆ! ಹಾಗಾಗದಂತೆ ‘ಈಗ ಶುರು, ಈಗ ಶುರು’ ಎಂದು ಮೂರಕ್ಕೂ ಒಟ್ಟಿಗೇ ಸಂಕೇತ ಕಳಿಸುತ್ತಿರುವುದು ಈ ಪೆಟ್ಟಿಗೆ, ಅಂದರೆ ಸಿಂಕ್ ಜನರೇಟರ್. ಯಕ್ಷಗಾನಕ್ಕೆ ಭಾಗವತರ ತಾಳ ಇದ್ದ ಹಾಗೆ. ಭಾವ ಅದನ್ನು ‘ತಾಳದ ಪೆಟ್ಗಿ’ ಎಂದೇ ಕರೆಯುವುದು.

ಪೆಟ್ಟಿಗೆಯ ಬುದ್ಧಿ ಮನೆಗೂ ಬಂದಿದೆ. ಊಟಕ್ಕೆ ಕೂತರೆ ಯಾರೂ ಮೊದಲು ಕೈ ಹಾಕುವಂತಿಲ್ಲ. ಎಲ್ಲರ ಬಟ್ಟಲಿಗೂ ಬಡಿಸಿ ಆಗಿ, ಭಾವ ಸುತ್ತ ಕಣ್ಣಾಡಿಸಿ, “ಹ್ಞಾಂ, ಶುರು!” ಎನ್ನಬೇಕು.

“ಹ್ವಾಯ್, ಬಂಗ್ಡಿ ಮೀನ್ ಸಾರ್ ತಣ್ದ್ ಹೋತ್ತ್!” ಎಂದು ಅಕ್ಕ.

“ತಣ್ದ್ ಹೋಯ್ಲಿ. ತಾಳ ತಪ್ಪುಕಾಗ!”

ಬೈಂದೂರಿನ ಮದುವೆಯೊಂದರಲ್ಲಂತೂ ಮಾನ ಹೋಯಿತು. ಮದುಮಗ ಹಾರ ಎತ್ತಿ ಹಿಡಿದಿದ್ದಾನೆ. ಮದುಮಗಳು ಕುತ್ತಿಗೆ ಬಗ್ಗಿಸಿದ್ದಾಳೆ. ಅಷ್ಟರಲ್ಲಿ ಮೂಲೆಯಿಂದ ಭಾವನ ಕೂಗು: “ಹಾರ ಹಾಕ್ಬೇಡಿ! ನಿಲ್ಸಿ!” ವಾದ್ಯದವರು ಗಪ್‌ಚಿಪ್. ಈ ಮದುವೆಗೆ ಯಾರದೋ ತಕರಾರು ಬಂತೆಂದು ಹುಡುಗಿಯ ಅಜ್ಜಿ ಎದೆ ಹಿಡಿದುಕೊಂಡರು. “ಯಾರ್ ಒಪ್ಲಿಲ್ಲೆ ಮಗಾ?”

“ಮೂರ್ನೇ ಕ್ಯಾಮೆರಾ ಒಪ್ಲಿಲ್ಲೆ ಅಮ್ಮ!”

ಪೆಟ್ಟಿಗೆಯ ವಯರೊಂದನ್ನು ಯಾರೋ ಎಡವಿ ಕಿತ್ತಿದ್ದರಂತೆ. ಅದು ಮತ್ತೆ ಕೂರುವ ತನಕ ಪಾಪ, ಮದುಮಗ ಕೈ ಎತ್ತಿಕೊಂಡೇ ನಿಂತಿದ್ದ.

ಈ ಸುದ್ದಿ ಕೇಳಿದ ಮೇಲೆ ಅಕ್ಕನಿಗೆ ನಿದ್ದೆ ಹಾರಿತು. ಅವಳ ಒಬ್ಬಳೇ ಮಗಳ ಮದುವೆ ಕುಂಭಾಶಿಯಲ್ಲಿ ನಿಶ್ಚಯವಾಗಿತ್ತು. ಬರಲಾಗದ ನೆಂಟರೆಲ್ಲ ಮುಂಬೈಯಲ್ಲೇ ಕೂತು ನೋಡುವವರು. ಅಂದರೆ ನೇರಪ್ರಸಾರ, ಅಂದರೆ ಪೆಟ್ಟಿಗೆ!

“ಇವ್ರ್ ಆ ಪೆಟ್ಗಿ ಬುಡ್ದಗೇ ಕೂಕಂತ್ರ್, ಕಾಣ್. ಧಾರೆ ಎರುಕೆ ನಾನೊಬ್ಳೇ ನಿಲ್ಲುದಾ?” ಎಂದು ನನ್ನೆದುರು ಕಣ್ಣೊರೆಸಿಕೊಂಡಳು. ಧಾರೆಯ ಗಿಂಡಿಯನ್ನು ಬೇರೆಯವರಿಂದ ಹಿಡಿಸಿದರಾಯಿತು ಎಂದು ಸಮಾಧಾನ ಹೇಳುವ ಹಾಗೂ ಇರಲಿಲ್ಲ. ತಂದೆಯ ಕೈಗೆ ಬದಲಿ ಕೈ ಎಲ್ಲಿಂದ ತರುವುದು?

ಮದುವೆಯ ದಿನ ಸಭಾಭವನಕ್ಕೆ ಹೋಗಿ ನೋಡುತ್ತೇನೆ, ಕಂಬದ ಪಕ್ಕ ಒಂದೇ ಒಂದು ಕ್ಯಾಮೆರಾ! ಭಾವ ಪಂಚೆ ಉಟ್ಟು, ಶಲ್ಯ ಹೊದ್ದು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು.

“ಎಂತ ಭಾವ, ಪೆಟ್ಗಿ ಎಲ್ಲಿ?”

“ತರ್ಲಿಲ್ಲೆ. ಒಂದೇ ಕ್ಯಾಮೆರಾ ಆರೆ ತಾಳ ಎಂತಕೆ?” ಎಂದವರು ದನಿ ಇಳಿಸಿದರು. “ಅದಿದ್ರೆ ನನ್ ಕಣ್ಣ್ ಅಲ್ಲೇ ಹೋತ್ತ್ ಮಾರಾಯ. ಇವತ್ತ್ ನಂಗೆ ಮಗ್ಳನ್ನ್ ಕಾಣ್ಕ್.”

ಸೋದರಮಾವನಾಗಿ ನಾನೇ ಹುಡುಗಿಯನ್ನು ಮಂಟಪಕ್ಕೆ ಕರೆತಂದೆ. ಭಾವ, ಅಕ್ಕ ಇಬ್ಬರೂ ಸೇರಿ ಗಿಂಡಿ ಹಿಡಿದರು. ನೀರು ಮದುಮಕ್ಕಳ ಕೈಮೇಲೆ ಇಳಿಯಿತು. ಭಟ್ಟರು “ಸಾಕ್” ಎಂದರು. ಭಾವ ನಿಲ್ಲಿಸಲಿಲ್ಲ. “ಸಾಕ್ ಮಾರಾಯ್ರೆ” ಎಂದು ಭಟ್ಟರು ಇನ್ನೊಮ್ಮೆ ಹೇಳಿದರು. ಕೇಳಿದ್ದರೆ ತಾನೆ! ಅವರ ಕಣ್ಣು ಮಗಳ ಮುಖದ ಮೇಲಿತ್ತು, ತುಂಬಿ ಹರಿಯುತ್ತಿತ್ತು. ಇಷ್ಟು ವರ್ಷ ನಾನು ತಮಾಷೆ ಮಾಡುತ್ತ ಬಂದ ಈ ಮನುಷ್ಯನ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಂತು.

ಗಿಂಡಿಯಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ಆದರೂ ಅವರು ಅದನ್ನು ಬಗ್ಗಿಸಿಕೊಂಡೇ ನಿಂತಿದ್ದರು. ಅಕ್ಕನೂ ಕೈ ತೆಗೆಯಲಿಲ್ಲ.