ರೋಲ್ ನಂಬರ್ ಲಾಭ

ನಷ್ಟ ಎಂಬ ಪದವನ್ನು ಬರೆಯಲು ಒಪ್ಪದೆ ಲೆಕ್ಕಶಾಸ್ತ್ರದ ಪರೀಕ್ಷೆಯಲ್ಲಿ ಫೇಲಾದ ವ್ಯಾಪಾರಿ ಸಾಂಗ್ಲಿ, ಮಿರಜ ಎರಡೂ ಊರು ಜಾಲಾಡಿದರೆ ಒಬ್ಬರೇ ಸಿಗುತ್ತಾರೆ. ಅವರು ನಮ್ಮ ಕಾಕಾ. ಉತ್ತರ ಗೊತ್ತಿಲ್ಲದೆ ಫೇಲಾದವರ ಬಗ್ಗೆ ಬರೆಯಲು ಏನಿದೆ? ಕಾಕಾರಿಗೆ ಉತ್ತರ ಗೊತ್ತಿತ್ತು. ಆ ಪದವನ್ನು ಕಾಗದದ ಮೇಲೆ ಇಳಿಸಿದರೆ ಅದು ಪರೀಕ್ಷೆಯ ಕೋಣೆಯಿಂದ ಎದ್ದು, ರಿಕ್ಷಾ ಹಿಡಿದು, ಮಿರಜ ಪೇಟೆಯ ತಮ್ಮ ಬಳೆ ಅಂಗಡಿಗೆ ಬಂದು ಕೂರುತ್ತದೆ ಎಂದು ಅವರ ಭಯ.

ಕಾಕಾರ ಬಾಯಲ್ಲಿ ಯಾವುದೂ ಒಡೆಯುವುದಿಲ್ಲ, ತೀರುವುದಿಲ್ಲ, ಆರುವುದಿಲ್ಲ, ಮುಚ್ಚುವುದಿಲ್ಲ. ಬಳೆ ಒಡೆದರೆ ಬಳೆ ಹೆಚ್ಚಿತು. ದೀಪ ಆರಿಸಿದರೆ ದೀಪ ದೊಡ್ಡದಾಯಿತು. ಡಬ್ಬಿಯಲ್ಲಿ ಉಪ್ಪು ತೀರಿದರೆ ಉಪ್ಪು ಹೆಚ್ಚಾಯಿತು. ಇದು ಅವರ ಸ್ವಂತ ಸಂಶೋಧನೆಯೇನಲ್ಲ. ಹಳಬರೆಲ್ಲ ಒಂದಿಷ್ಟು ಹೀಗೇ ಆಡುತ್ತಿದ್ದರು. ಮರಾಠಿಯಲ್ಲೂ ಸಂಜೆ ಅಂಗಡಿ ಮುಚ್ಚುವುದಕ್ಕೆ ಅಂಗಡಿ ‘ವಾಢವಣೆ’ ಎನ್ನುತ್ತಾರೆ, ಅಂದರೆ ಹೆಚ್ಚಿಸುವುದು. ಉಳಿದವರಿಗೆ ಅದು ರೂಢಿ, ಕಾಕಾರಿಗೆ ಕಾಯಿದೆ. ಒಮ್ಮೆ ಅವರ ಮನೆಗೆ ಬಂದಿದ್ದ ನೆಂಟರ ಹೆಣ್ಣುಮಗಳೊಬ್ಬಳು ಅಡುಗೆ ಮಾಡುತ್ತಿದ್ದಾಗ ಕಾಕಾ ಒಳಗೆ ಇಣುಕಿ, “ಉಪ್ಪ ಹೆಚ್ಚಾಗೇತೆವ್ವಾ” ಎಂದರು. ಅವಳು ಗಾಬರಿಯಾಗಿ ಉಪ್ಪೇ ಇಲ್ಲದ ಸಾರಿಗೆ ಇನ್ನೊಂದು ತಂಬಿಗೆ ನೀರು ಸುರಿದಳು. ಅವತ್ತು ನಾನೂ ಊಟಕ್ಕಿದ್ದೆ. ಕಾಕಾ ಎರಡು ಸಲ ಹಾಕಿಸಿಕೊಂಡು ಉಂಡರು.

ಅವರಿಗೆ ಮಕ್ಕಳಿಲ್ಲ. ಹಾಗೆಂದು ನಾನು ಬರೆಯಬಹುದು, ಅವರು ಹೇಳುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಮಕ್ಕಳೆಷ್ಟು ಎಂದು ಕೇಳಿದರೆ, ತಲೆ ಪೂರ್ತಿ ಬೆಳ್ಳಗಾದ ಮೇಲೂ ಅವರ ಉತ್ತರ: “ಇನ್ನೂ ಬರೋದೈತ್ರಿ.”

ನನ್ನ ಕಸುಬು ಇದಕ್ಕೆ ನೇರ ವಿರುದ್ಧ. ಕನ್ನಡ ಪತ್ರಿಕೆಯೊಂದರ ಸಾಂಗ್ಲಿ ಕಚೇರಿಯಲ್ಲಿ ನಾನು ಸುದ್ದಿ ತಿದ್ದುವವನು. ವರದಿಗಾರ ‘ಕಾಲನ ಕರೆಗೆ ಓಗೊಟ್ಟರು’ ಎಂದು ಬರೆದರೆ ಅದನ್ನು ಹೊಡೆದು ‘ಸತ್ತರು’ ಎಂದು ಮಾಡುವುದೇ ನನ್ನ ಕೆಲಸ. ಸೇತುವೆ ಕುಸಿದರೆ ಕುಸಿಯಿತು, ಕಾರ್ಖಾನೆ ಮುಚ್ಚಿದರೆ ಮುಚ್ಚಿತು. ಕಾಕಾರ ಜೊತೆ ಸ್ವಲ್ಪ ಹೊತ್ತು ಮಾತಾಡಿದರೆ ಸಾಕು, ನನ್ನ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ.

ಇಂಥ ಕಾಕಾ ಕಾಲೇಜು ಸೇರಿದ್ದು ಕಾಕೂಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡ ವರ್ಷ. ಕಾಕೂ ಎಂದರೆ ಅವರ ಹೆಂಡತಿ. ಅಂಗಡಿಯ ಗಾದಿಯ ಮೇಲೆ ಕೂತು, ಬಂದ ಹೆಂಗಸರ ಮುಂಗೈ ಹಿಸುಕಿ ಮೆತ್ತಗೆ ಮಾಡಿ ಬಳೆ ಇಡಿಸುವವರು ಅವರೇ. ಕಾಕಾರ ಕೆಲಸ ಬಳೆಯ ಪೆಟ್ಟಿಗೆ ಇಳಿಸಿಕೊಡುವುದು, ಮತ್ತೆ ಏರಿಸಿಡುವುದು. ವಿಶ್ರಾಮಬಾಗದ ಕಾಲೇಜೊಂದರಲ್ಲಿ ದುಡಿಯುವವರಿಗೆಂದೇ ಸಂಜೆ ಹೊತ್ತು ಬಿಬಿಎ ವರ್ಗ ನಡೆಯುತ್ತದೆ. ಅಲ್ಲಿಗೆ ಕಾಕಾರ ಹೆಸರು ಹಚ್ಚಿಸಿ ಬಂದವರೂ ಕಾಕೂ. ಹೆಂಡತಿಗೆ ಹೀಗಿರುವಾಗ ಈ ವಯಸ್ಸಿನಲ್ಲಿ ಕಾಲೇಜೇ ಎಂದು ನೆಂಟರು ಮೂಗು ಮುರಿದರು. ಕಾಕಾ ಹೇಳುತ್ತಿದ್ದುದು ಒಂದೇ: “ಆಕೀನ ಕಳಸ್ಯಾಳ. ಧಂದೆ ಬೆಳಸೋದು ಕಲತು ಬಾ ಅಂದಾಳ.”

ನಾನು ಆ ವರ್ಗಕ್ಕೆ ವಾರಕ್ಕೊಮ್ಮೆ ಹೋಗಿ ವ್ಯವಹಾರದ ಪತ್ರ ಬರೆಯುವುದನ್ನು ಕಲಿಸುತ್ತಿದ್ದೆ. ದಿನವೆಲ್ಲ ಶೋರೂಮು, ಗೋದಾಮು, ಬ್ಯಾಂಕಿನ ಕೌಂಟರುಗಳಲ್ಲಿ ನಿಂತು ಬಂದವರು ಅಲ್ಲಿ ಬೆಂಚಿಗೆ ಒರಗಿದ ಕೂಡಲೇ ನಿದ್ದೆ ಹೋಗುತ್ತಾರೆ. ಕಣ್ಣು ಬಿಟ್ಟುಕೊಂಡು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವರು ಕಾಕಾ ಒಬ್ಬರೇ. ನಾನು ಒಳಗೆ ಬಂದರೆ ಎದ್ದು ನಿಂತು “ನಮಸ್ಕಾರ್ರಿ ಸರ್” ಎನ್ನುವರು. ವರ್ಗ ಬಿಟ್ಟು ಅಂಗಳಕ್ಕೆ ಇಳಿದ ಮೇಲೆ, “ಏ ತಮ್ಮಾ, ಆ ಅಂಗೀಗೆ ಇಸ್ತ್ರಿ ಯಾವಾಗರ ಕಂಡೈತೇನು?” ಎನ್ನುವರು.

ಲೆಕ್ಕಶಾಸ್ತ್ರದ ಮ್ಯಾಡಂ ಜಮಖಂಡಿ ಕಡೆಯವರು, ಬಹಳ ಶಿಸ್ತು. ಹಾಜರಿಗೆ ಯಾರ ಹೆಸರನ್ನೂ ಕೂಗುವುದಿಲ್ಲ, ನಂಬರ್ ಮಾತ್ರ. ಗ್ರಹಚಾರಕ್ಕೆ ಕಾಕಾರ ನಂಬರ್ ಒಂದು. ಕಾಳು ಅಳೆಯುವವರು ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ. ‘ಲಾಭ’ ಎಂದು ಶುರುಮಾಡಿ ಆಮೇಲೆ ಎರಡು, ಮೂರು ಎನ್ನುತ್ತಾರೆ. ಕಾಕಾ ಅದನ್ನು ಕಾಲೇಜಿಗೂ ತಂದರು.

“ನಂಬರ್ ಒಂದು.”

“ಲಾಭ.”

“ಕಾಕಾ, ನಾ ಹಾಜರಿ ಹಿಡೀಲಿಕ್ಹತ್ತೇನ್ರಿ. ಜ್ವಾಳ ಅಳೀಲಿಕ್ಹತ್ತಿಲ್ಲ.”

“ಎರಡೂ ಎಣಿಕೀನ ಅಲ್ರಿ ಮ್ಯಾಡಂ. ಒಂದು ಅಂತ ಸುರು ಮಾಡಿದ್ರ ಒಂಟಿ ಆಕ್ಕೇತ್ರಿ.”

“ಹಿಂಗ ಅಂದ್ರ ಗೈರುಹಾಜರಿ ಹಾಕ್ತೇನಿ ನೋಡ್ರಿ.”

“ಹಾಕ್ರಿ. ಬಾಯಿಲೆ ಮಾತ್ರ ಅನಬ್ಯಾಡ್ರಿ.”

ಲಾಭ ನಷ್ಟದ ಖಾತೆಯ ಪಾಠ ಬಂದಾಗ ಕಾಕಾ ಎಡಗಡೆ ಲಾಭ ಎಂದೂ ಬಲಗಡೆ ನಷ್ಟದ ಜಾಗದಲ್ಲಿ ಹೆಚ್ಚು ಎಂದೂ ಬರೆದರು. ಮ್ಯಾಡಂ ಹಣೆ ಒತ್ತಿಕೊಂಡು ಕೇಳಿದರು: “ಇಲ್ಲಿ ಏನು ಹೆಚ್ಚಾಗೇತ್ರಿ?”

“ಲಾಭ ಹೆಚ್ಚಾಗೇತ್ರಿ.”

“ಮತ್ತ ಈ ಕಡೆ?”

“ಈ ಕಡೆ ಲಾಭ ಐತ್ರಿ. ಆ ಕಡೆ ಅದು ಹೆಚ್ಚಾಗೇತಿ.”

ಕಾಕಾರ ಖಾತೆಯ ಪ್ರಕಾರ ಮಿರಜ ಪೇಟೆಯಲ್ಲಿ ದಿವಾಳಿ ಎದ್ದ ಅಂಗಡಿಯೇ ಎಲ್ಲಕ್ಕಿಂತ ಹೆಚ್ಚು ಬೆಳೆದ ಅಂಗಡಿ.

ನನ್ನ ವರ್ಗದಲ್ಲೇನು ಕಡಿಮೆ ಆಯಿತೇ? ಗ್ರಾಹಕರಿಗೆ ರಜೆಯ ಸೂಚನೆ ಬರೆಯಿರಿ ಎಂದು ಮನೆಗೆಲಸ ಕೊಟ್ಟೆ. ಆ ಸೋಮವಾರ ಕಾಕೂವನ್ನು ಆಸ್ಪತ್ರೆಗೆ ಕರೆದೊಯ್ಯುವುದಿತ್ತು. ಒಂದೇ ಬರಹ ಎರಡೂ ಕಡೆ ಆಗುತ್ತದೆ ಎಂದು ಕಾಕಾ ಅದನ್ನೇ ಹಲಗೆಯ ಮೇಲೆ ಬರೆದು ಅಂಗಡಿಗೂ ತೂಗುಹಾಕಿದರು: ‘ಸೋಮವಾರ ಬೆಳಿಗ್ಗೆಯಿಂದಲೇ ಅಂಗಡಿ ಹೆಚ್ಚಾಗಿರುತ್ತದೆ.’ ಲಗ್ನದ ದಿನಗಳು. ಹೊಸ ಮಾಲು ಬಂದಿದೆ ಎಂದುಕೊಂಡು ಹೆಂಗಸರು ಗುಂಪು ಗುಂಪಾಗಿ ಬಂದರು, ಶಟರ್ ಬಡಿದರು, ಕೊನೆಗೆ ಫೋನ್ ಮಾಡಿದರು. ಕಾಕಾ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಎಲ್ಲರಿಗೂ ಸಮಾಧಾನದಿಂದ ಹೇಳುತ್ತಿದ್ದರು: “ಹೆಚ್ಚಾಗೇತಿ ಅಂತ ಬರದೇನಲ್ಲ್ರಿ. ಮತ್ತ್ಯಾಕ ಬಂದ್ರಿ?”

ಆ ಬರಹಕ್ಕೆ ನಾನು ಸೊನ್ನೆ ಕೊಟ್ಟೆ. ಸೊನ್ನೆಗೂ ಅವರಲ್ಲಿ ಒಂದು ಒಳ್ಳೆಯ ಹೆಸರಿತ್ತು. “ಪೂಜ್ಯ ಕೊಟ್ಟೀರಿ ಸರ್” ಎಂದು ಕೈಮುಗಿದರು.

ಹೀಗೆ ನಗುತ್ತ ನಾವು ಕೊನೆಯ ವರ್ಷಕ್ಕೆ ಬಂದೆವು. ಒಂದು ಸಂಜೆ ನಾನು ವರ್ಗಕ್ಕೆ ಹೋದಾಗ ಕಾಕಾ ಬೆಂಚಿನಿಂದ ಬೆಂಚಿಗೆ ಹೋಗಿ ಪೇಢೆ ಹಂಚುತ್ತಿದ್ದರು. ನನ್ನ ಅಂಗೈಯಲ್ಲೂ ಒಂದು ಇಟ್ಟರು.

“ಡಾಕ್ಟರ್ ರಿಪೋರ್ಟ್ ನೋಡಿದ್ರು, ತಮ್ಮಾ. ‘ಗಾಠ ವಾಢಲೀ ಆಹೆ’ ಅಂದ್ರು. ಗಂಟು ಹೆಚ್ಚಾತಂತ.”

ವರ್ಗದ ಒಳಗೆ ಅವರು ನನ್ನನ್ನು ತಮ್ಮಾ ಎಂದದ್ದು ಅದೇ ಮೊದಲು. ಹಿಂದಿನ ಬೆಂಚಿನಲ್ಲಿ ಯಾರೋ ರೂಢಿಯಂತೆ ನಗಲು ಶುರುಮಾಡಿ ನಿಲ್ಲಿಸಿದರು. ಡಾಕ್ಟರ್ ಹೇಳಿದ್ದು ಸರಳ ಮರಾಠಿ: ಗಂಟು ಬೆಳೆದಿದೆ. ಕಾಕಾರ ಭಾಷೆಯಲ್ಲಿ ಹೆಚ್ಚಾದದ್ದೆಲ್ಲ ಒಡೆದು, ತೀರಿ, ಇಲ್ಲವಾದದ್ದು. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲವೇ? ಅರ್ಥವಾಗಿಯೇ ಹೀಗೆ ತಿರುಗಿಸಿಕೊಂಡರೇ? ಆ ಸಂಜೆ ನಾನು ಕಲಿಸಬೇಕಿದ್ದ ಪಾಠ, ಕೆಟ್ಟ ಸುದ್ದಿಯನ್ನು ಸ್ಪಷ್ಟ ಮಾತಿನಲ್ಲಿ ತಿಳಿಸುವುದು ಹೇಗೆ ಎಂಬುದು. ಪುಸ್ತಕ ತೆರೆಯಲಿಲ್ಲ. ಪೇಢೆ ತಿಂದೆ.

ಮರುದಿನ ಬೆಳಿಗ್ಗೆ ಕಾಕಾ ಇಲ್ಲದ ಹೊತ್ತು ನೋಡಿ ಅಂಗಡಿಗೆ ಹೋದೆ. ಕಾಕೂ ಗಾದಿಯ ಮೇಲಿದ್ದರು. ಕೈ ಎತ್ತಿದರೆ ಅವರ ಹಸಿರು ಬಳೆಗಳು ಮೊಣಕೈತನಕ ಜಾರುತ್ತಿದ್ದವು.

“ಡಾಕ್ಟರ್ ಏನಂದ್ರು, ಕಾಕೂ?”

“ಬೆಳದೈತಿ ಅಂದ್ರು” ಎಂದರು. ನಮ್ಮ ಪತ್ರಿಕೆಯಲ್ಲಿ ಹಾಗೇ ಅಚ್ಚು ಹಾಕಬಹುದಾದ ವಾಕ್ಯ.

“ಕಾಕಾರಿಗೆ ತಿಳಿದಿಲ್ಲ. ಪೇಢೆ ಹಂಚ್ಯಾರ.”

“ತಿಳಿದಿಲ್ಲ ಅಂತ ನಿನಗ ಯಾರು ಹೇಳಿದ್ರು? ಹುಟ್ಟಿದಾಗಿಂದ ಮರಾಠಿ ಆಡ್ಯಾರ. ನನ್ನ ಮುಂದ ಅಳಾಕ ಆಗಲಿಲ್ಲ, ಹೊರಗ ಹೋದ್ರು, ಪೇಢೆ ತಂದ್ರು. ನೀ ಶ್ಯಾಣ್ಯಾ ಅಂತ ಬಿಡಿಸಿ ಹೇಳಾಕ ಹೋಗಬ್ಯಾಡ.”

ಗಿರಾಕಿಯೊಬ್ಬಳು ಬಂದಳು. ಕಾಕೂ ಅವಳ ಕೈ ಹಿಡಿದು ಬಳೆ ಏರಿಸುತ್ತಲೇ ಮಾತು ಮುಂದುವರಿಸಿದರು.

“ನಿಮ್ಮ ಪರೀಕ್ಷಾದಾಗ ಅವರನ್ನ ಪಾಸ್ ಮಾಡ್ತೀರೇನು?”

“ಲೆಕ್ಕ ಒಂದು ತ್ರಾಸ ಐತಿ.”

“ಫೇಲ್ ಆದ್ರೂ ನಡೀತೈತಿ. ಇನ್ನೊಂದು ವರ್ಷ ಹೋಗಾಕ ಬರಾಕ ಆಕ್ಕೇತಿ.”

“ಮತ್ತ ಧಂದೆ ಬೆಳಸಾಕ ಕಳಸೇನಿ ಅಂದಿದ್ರಿ?”

“ಹಂಗ ಅಂದ್ರ ಹೋಗ್ತಾರ ಅಂತ ಅಂದೆ. ನಾಳಿ ಸಂಜೀಕ ಅಂಗಡಿ ಹೆಚ್ಚಿಸಿ ಒಬ್ಬರ ಆ ಮನಿಗೆ ಹೋಗಿ ಏನ್ ಮಾಡ್ತಾರ? ಬಂದ್ರೋ ಇಲ್ಲೋ ಅಂತ ಹಾಜರಿ ಹಿಡಿಯೋರು ಎಲ್ಲೆರ ಇರಬೇಕಲ್ಲೋ.”

ಗಿರಾಕಿ ಕೈ ಹಿಂದಕ್ಕೆ ಎಳೆದುಕೊಂಡಳು, ನೋಯಿತೆಂದು. ಕಾಕೂ, “ಆತವ್ವಾ, ಆತು” ಎಂದು ಕೊನೆಯ ಬಳೆ ಏರಿಸಿದರು.

ಮೌಖಿಕ ಪರೀಕ್ಷೆಯ ಹೊತ್ತಿಗೆ ಕಾಕೂ ಆಸ್ಪತ್ರೆಯಲ್ಲಿದ್ದರು. ಪುಣೆಯಿಂದ ಬಂದ ಪರೀಕ್ಷಕ ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಮರಾಠಿಗಿಂತ ಇಂಗ್ಲಿಷ್ ಜಾಸ್ತಿ. ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ. ಅವರು ಎಲ್ಲರಿಗೂ ಕೇಳುತ್ತಿದ್ದುದನ್ನೇ ಕಾಕಾರಿಗೂ ಕೇಳಿದರು: “ಕಾಕಾ, ದುಕಾನ ಕಸಂ ವಾಢವಣಾರ?” ಅಂಗಡಿಯನ್ನು ಹೇಗೆ ಬೆಳೆಸುತ್ತೀರಿ?

ಕಾಕಾ ಕೈಕಟ್ಟಿ ನಿಂತು, ಮರಾಠಿಯಲ್ಲಿ, ತಿಳಿದಷ್ಟನ್ನೂ ಹೇಳಿದರು. “ಮೊದಲು ಹೊರಗೆ ತೂಗುಹಾಕಿದ ಸರಗಳನ್ನು ಒಳಗೆ ತರಬೇಕು. ಗಾಜಿನ ಬಳೆ ಕೆಳಗೆ, ಪ್ಲಾಸ್ಟಿಕ್ ಮೇಲೆ. ಆಕೆ ಗಾದಿ ಕೊಡವುತ್ತಾಳೆ, ನೆಲಕ್ಕೆ ಬಿದ್ದ ಚೂರುಗಳನ್ನು ಯಾರ ಕಾಲಿಗೂ ಚುಚ್ಚದಂತೆ ಕೈಯಿಂದಲೇ ಆರಿಸುತ್ತಾಳೆ. ಆಮೇಲೆ ದೀಪ ದೊಡ್ಡದು ಮಾಡುತ್ತಾಳೆ. ನಾನು ಶಟರ್ ಎಳೆದು ಕೀಲಿ ಹಾಕುತ್ತೇನೆ. ಆಕೆ ಅದನ್ನು ಇನ್ನೊಮ್ಮೆ ಜಗ್ಗಿ ನೋಡುತ್ತಾಳೆ, ನನ್ನ ಮೇಲೆ ಭರವಸೆ ಇಲ್ಲ.”

ಪರೀಕ್ಷಕರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

“ಆದರೆ ಇದರಲ್ಲಿ ಬೆಳವಣಿಗೆ ಎಲ್ಲಿದೆ, ಕಾಕಾ?”

“ಬೆಳಿಗ್ಗೆ ಮತ್ತೆ ತೆರೆಯುತ್ತೇವಲ್ಲ, ಸಾಹೇಬ.”

ಅಂಗಡಿ ತೆರೆಯದೆ ಆಗಲೇ ಬಹಳ ದಿನಗಳಾಗಿದ್ದವು. ಪರೀಕ್ಷಕರಿಗೆ ಅದು ಗೊತ್ತಿರಲಿಲ್ಲ. ಗೊಂದಲದಲ್ಲೇ ಪಾಸು ಮಾಡಿದರು.

ಲೆಕ್ಕಶಾಸ್ತ್ರದ ಲಿಖಿತ ಪರೀಕ್ಷೆ ಹಾಗೆ ಬಿಡಲಿಲ್ಲ. ಸಂಸ್ಥೆಯೊಂದರ ನಷ್ಟ ತೋರಿಸಿ ಎಂಬ ದೊಡ್ಡ ಪ್ರಶ್ನೆ ಬಂತು. ಕಾಕಾ ಲೆಕ್ಕವನ್ನೆಲ್ಲ ಸರಿಯಾಗಿ ಮಾಡಿ, ಕೊನೆಯ ಸಾಲಿಗೆ ಬಂದು, ಅದನ್ನು ಖಾಲಿ ಬಿಟ್ಟು ಎದ್ದರು. ಉಳಿದ ಪ್ರಶ್ನೆಗಳನ್ನೂ ಮುಟ್ಟಲಿಲ್ಲ. ನೇರ ಆಸ್ಪತ್ರೆಗೆ ಹೋದರು.

ಆ ವಾರವೇ ಒಂದು ಬೆಳಿಗ್ಗೆ ನಾನು ಮಿರಜದ ಆಸ್ಪತ್ರೆಗೆ ಹೋದಾಗ ಕಾಕಾ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಸರಿದು ಜಾಗ ಮಾಡಿದರು.

“ಕೈ ತುಂಬ ಬಳಿ ಹಂಗ ಅದಾವ, ತಮ್ಮಾ. ಒಂದೂ ಹೆಚ್ಚಿಲ್ಲ.” ವಾರ್ಡಿನ ಬಾಗಿಲ ಕಡೆ ನೋಡಿದರು. “ಆಕೀನ ಹೆಚ್ಚಿದ್ಲು.”

ನಮ್ಮ ಮಂದಿ ಇದಕ್ಕೆ ಲಿಂಗೈಕ್ಯ ಎನ್ನುತ್ತಾರೆ. ಪತ್ರಿಕೆಗೆ ಎರಡು ಸಾಲು ನಾನೇ ಬರೆದೆ, ನಿಧನ ಎಂದು. ಬೆಂಚಿನ ಮೇಲಿನ ವಾಕ್ಯವನ್ನು ತಿದ್ದಲಿಲ್ಲ.

ಫಲಿತಾಂಶ ಬಂತು, ಕಾಕಾ ಲೆಕ್ಕದಲ್ಲಿ ಫೇಲು. ಉಳಿದ ವಿಷಯದ ಪರೀಕ್ಷೆಗೆ ಮತ್ತೆ ಕೂರುವವರು ವರ್ಗಕ್ಕೆ ಬರಬೇಕೆಂಬ ನಿಯಮವಿಲ್ಲ. ಬರಬಾರದೆಂಬ ನಿಯಮವೂ ಇಲ್ಲ. ನಾನು ಮ್ಯಾಡಂ ಹತ್ತಿರ ಹೋಗಿ ಹಾಜರಿಯ ಬಗ್ಗೆ ಕಾಕೂ ಹೇಳಿದ್ದ ಮಾತನ್ನು ಹೇಳಿದೆ. ಅವರು ತಲೆಯಾಡಿಸಿದರು ಅಷ್ಟೆ.

ಹೊಸ ವರ್ಗ ಶುರುವಾದ ಸಂಜೆ ಕಾಕಾ ಬಂದು ಅದೇ ಮುಂದಿನ ಬೆಂಚಿನ ತುದಿಗೆ ಕೂತರು. ಅಂಗಿ ಇಸ್ತ್ರಿ ಕಂಡಿರಲಿಲ್ಲ. ಹೊಸ ವಿದ್ಯಾರ್ಥಿಗಳಲ್ಲಿ ನಂಬರ್ ಒಂದು ಬೇರೆ ಯಾರದೋ ಆಗಿತ್ತು, ಹಾಜರಿ ಪುಸ್ತಕದಲ್ಲಿ ಕಾಕಾರ ಹೆಸರಿರಲಿಲ್ಲ. ಮುಂದಿನ ಪಾಠ ನನ್ನದಾದ್ದರಿಂದ ನಾನು ಬಾಗಿಲ ಹೊರಗೆ ನಿಂತಿದ್ದೆ. ಮ್ಯಾಡಂ ಪುಸ್ತಕ ಬಿಚ್ಚಿದರು. ನಂಬರ್ ಒಂದು ಎನ್ನುವ ಮೊದಲು ತಲೆ ಎತ್ತದೆಯೇ ಕೂಗಿದರು:

“ಲಾಭ.”

ವರ್ಗಕ್ಕೆ ಅರ್ಥವಾಗಲಿಲ್ಲ. ಬೆಂಚಿನ ತುದಿಯಲ್ಲಿ ಕಾಕಾ ನಿಧಾನ ಎದ್ದು ನಿಂತರು.

“ಬಂದೇನ್ರಿ, ಮ್ಯಾಡಂ.”